ಮೊಟ್ಟೆ ತರೋಕೆ ಮುಂಚೆ ನಲ್ಲಿ ಹಾಕಿಸಿ

ಕ್ಲಾಸ್‌ರೂಮಲ್ಲಿ ಕೋಳಿಮರಿ ಮಾಡಿಸೋ ಶಾಲೆಗಳ ಹೆಡ್‌ಮಾಸ್ಟರ್‌ಗಳಿಗೆ, ಆಡಳಿತ ಮಂಡಳಿಯವ್ರಿಗೆ, ಇಂಥ ಪ್ರಾಜೆಕ್ಟ್‌ಗೆ ಪರ್ಮಿಷನ್ ಕೊಡೋ ಅಧಿಕಾರಿಗಳಿಗೆ,

ನಮಸ್ಕಾರ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ನಾನು ಈ ಪ್ರಾಜೆಕ್ಟ್‌ಗೆ ವಿರೋಧಿ ಅಲ್ಲ. ಚಿಕ್ಕ ಮಕ್ಕಳಿಗೆ ಪಾಠ ಮಾಡೋ ಟೀಚರ್ ನಾನು, ಕ್ಲಾಸಲ್ಲೇ ನಾಲ್ಕು ಸಲ ಮೊಟ್ಟೆ ಕಾವಿಗಿಟ್ಟು ಮರಿ ಮಾಡಿಸಿದೀನಿ. ಏಳನೇ ದಿನ ರೂಮಿನ ಲೈಟ್ ಆರಿಸಿ ಮೊಟ್ಟೆ ಹಿಂದೆ ಟಾರ್ಚ್ ಹಿಡಿದಾಗ ಒಳಗೆ ಕೆಂಪು ದಾರದ ಥರ ರಕ್ತನಾಳ ಹರಡ್ಕೊಂಡಿರತ್ತೆ, ನಡುವೆ ಒಂದು ಕಪ್ಪು ಚುಕ್ಕಿ ತಟಕ್ಕಂತ ಅಲುಗಾಡತ್ತೆ, ಅದುವರೆಗೂ ಕಿತ್ತಾಡ್ತಿದ್ದ ಮೂವತ್ತು ಮಕ್ಕಳು ಆ ಒಂದು ಕ್ಷಣ ಗಪ್‌ಚುಪ್. ಹದಿನೈದು ವರ್ಷದ ಸರ್ವಿಸಲ್ಲಿ ನನ್ನ ಯಾವ ಪಾಠಕ್ಕೂ ಅಂಥ ಮೌನ ಸಿಕ್ಕಿಲ್ಲ. ಹಾಗಾಗಿ ನಿಲ್ಲಿಸಿ ಅಂತ ಕೇಳೋಕೆ ಈ ಪತ್ರ ಅಲ್ಲ.

ನನ್ನ ತಕರಾರು ಬೇರೆ. ಈ ಪ್ರಾಜೆಕ್ಟ್ ಬಗ್ಗೆ ಮೀಟಿಂಗ್ ಆದಾಗೆಲ್ಲ ನಾವು ಏನೇನು ಮಾತಾಡ್ತೀವಿ ನೋಡಿ. ಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆ, ಅಂದ್ರೆ ಇನ್‌ಕ್ಯುಬೇಟರ್ ಎಲ್ಲಿ ಇಡೋದು, ಚಾರ್ಟ್ ಯಾರು ಬರೀತಾರೆ, ಮರಿಗಳಿಗೆ ಹೆಸರಿಡೋ ಸ್ಪರ್ಧೆ ಯಾವತ್ತು, ಮೊಟ್ಟೆ ಒಡೆದು ಮರಿ ಬರೋದನ್ನ ವಿಡಿಯೋ ಮಾಡಿ ಪೇರೆಂಟ್ಸ್ ಗ್ರೂಪಿಗೆ ಹಾಕೋದು ಯಾರು. ಎಲ್ಲಾ ಆಗತ್ತೆ. ಮೂವತ್ತು ಮಕ್ಕಳು ಮರಿ ಮುಟ್ಟಿದ್ಮೇಲೆ ಎಲ್ಲಿ ಕೈ ತೊಳೀತಾರೆ ಅನ್ನೋ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲ್ಲ. ಕೇಳಿದ್ರೆ "ಸ್ಯಾನಿಟೈಸರ್ ಇಟ್ರಾಯ್ತು ಬಿಡಿ ಮೇಡಂ" ಅಂತಾರೆ. ಅಲ್ಲಿಗೆ ಮಕ್ಕಳ ಕೈ ತೊಳೆಸೋ ಮೊದಲೇ ನಾವು ಕೈ ತೊಳ್ಕೊಂಡ ಹಾಗೆ.

ವಿಷಯ ಏನಂದ್ರೆ, ಕೋಳಿಮರಿ ನೋಡೋಕೆ ಎಷ್ಟೇ ಚೊಕ್ಕಟವಾಗಿದ್ರೂ, ಚಟುವಟಿಕೆಯಿಂದ ಓಡಾಡ್ಕೊಂಡಿದ್ರೂ ಅದರ ಹೊಟ್ಟೇಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ಮರಿಗೆ ಅದರಿಂದ ಏನೂ ಆಗದೇ ಇರಬಹುದು, ಆದ್ರೆ ಹಿಕ್ಕೇಲಿ ಅದು ಹೊರಗೆ ಬರ್ತಾನೇ ಇರತ್ತೆ, ಹಿಕ್ಕೆಯಿಂದ ಕಾಲಿಗೆ, ಕಾಲಿಂದ ಪುಕ್ಕಕ್ಕೆ, ಕೊಕ್ಕಿಗೆ, ನೀರಿನ ತಟ್ಟೆಗೆ, ಪೆಟ್ಟಿಗೆ ಅಂಚಿಗೆ, ಅಲ್ಲಿಂದ ಮಗುವಿನ ಬೆರಳಿಗೆ. ಮಗುವಿನ ಬೆರಳು ಎಲ್ಲಿಗೆ ಹೋಗತ್ತೆ ಅಂತ ಪ್ರೈಮರಿ ಟೀಚರ್‌ಗಳಿಗೆ ನಾನು ಹೇಳ್ಬೇಕಾಗಿಲ್ಲ. ಬಾಯಿಗೆ ಹೋದ ಮೇಲೆ 6 ಗಂಟೆಯಿಂದ 6 ದಿನದೊಳಗೆ ಯಾವಾಗ ಬೇಕಾದ್ರೂ ಭೇದಿ, ಜ್ವರ, ಹೊಟ್ಟೆ ಕಿವುಚಿದ ಹಾಗೆ ನೋವು ಶುರುವಾಗಬಹುದು, ಸಾಮಾನ್ಯವಾಗಿ 4ರಿಂದ 7 ದಿನ ಇರತ್ತೆ. ಹೆಚ್ಚಿನವ್ರು ತಾವಾಗೇ ಚೇತರಿಸ್ಕೊಳ್ತಾರೆ, ಕೆಲವರಿಗೆ ಮೈಯಲ್ಲಿ ನೀರಿನಂಶ ಕಮ್ಮಿಯಾಗಿ ಆಸ್ಪತ್ರೆ ಸೇರೋ ಹಾಗಾಗತ್ತೆ, ಅಪರೂಪಕ್ಕೆ ಸೋಂಕು ರಕ್ತಕ್ಕೂ ಹೋಗತ್ತೆ. ಕ್ಯಾಂಪಿಲೋಬ್ಯಾಕ್ಟರ್ ಅಂತ ಇನ್ನೊಂದಿದೆ, ಅದೂ ಹೆಚ್ಚುಕಮ್ಮಿ ಇದೇ ದಾರಿ, ಇದೇ ಹೊಟ್ಟೆನೋವು.

"ನಮ್ಮ ಮರಿ ಹೊರಗಿಂದ ತಂದಿದ್ದಲ್ಲ, ನಮ್ಮ ಕಣ್ಣೆದುರೇ ಹುಟ್ಟಿದ್ದು, ಅದಕ್ಕೆಲ್ಲಿಂದ ರೋಗ" ಅಂತ ಒಬ್ಬರು ಸೀನಿಯರ್ ವಾದ ಮಾಡಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ ಮೊದಲು. ಆದ್ರೆ ಮೊಟ್ಟೆ ಬಂದಿರೋದೇ ಹೊರಗಿಂದ ಅಲ್ವಾ. ಚಿಪ್ಪಿನ ಮೇಲೆ ಅಂಟಿರೋ ಹಿಕ್ಕೆಯಿಂದ ಬರಬಹುದು, ಇಲ್ಲಾಂದ್ರೆ ತಾಯಿ ಕೋಳಿ ಅಂಡಾಶಯದಲ್ಲೇ ಸೋಂಕಿದ್ರೆ ಚಿಪ್ಪು ಕಟ್ಟೋಕೆ ಮುಂಚೇನೇ ಮೊಟ್ಟೆ ಒಳಗೆ ಸೇರ್ಕೊಂಡಿರಬಹುದು, ಅಂಥ ಮೊಟ್ಟೆ ಹೊರಗಡೆ ಎಷ್ಟು ಕ್ಲೀನ್ ಇದ್ರೂ ಗೊತ್ತಾಗಲ್ಲ.

ಇನ್ನೊಂದು ತಮಾಷೆ ನೋಡಿ. ಫ್ಯಾನ್ ಇರೋ ಇನ್‌ಕ್ಯುಬೇಟರ್‌ನ ನಾವು 37.5 ಡಿಗ್ರಿಗೆ ಸೆಟ್ ಮಾಡ್ತೀವಿ, ಮೊದಲ 18 ದಿನ ತೇವಾಂಶ ಶೇಕಡಾ 50ರ ಆಸುಪಾಸು, ಕೊನೆ ಮೂರು ದಿನ 65-70ಕ್ಕೆ ಏರಿಸ್ತೀವಿ, ಹೇಂಟೆ ಹೊಟ್ಟೆ ಕೆಳಗಿನ ಬಿಸಿಯನ್ನೇ ಕಾಪಿ ಹೊಡೆಯೋದು. ಆ ಬೆಚ್ಚಗಿನ ತೇವದ ಜಾಗ ಭ್ರೂಣಕ್ಕೆ ಎಷ್ಟು ಹಿತವೋ ಬ್ಯಾಕ್ಟೀರಿಯಾಗೂ ಅಷ್ಟೇ ಹಿತ. ಜೊತೆಗೆ ಒಳಗೊಂದು ಫ್ಯಾನ್, ಅಡಿಯಲ್ಲಿ ನೀರಿನ ತಟ್ಟೆ. 21ನೇ ದಿನ ಮರಿಗಳು ಚಿಪ್ಪು ಒಡ್ಕೊಂಡು ಬಂದು ಮೈ ಒಣಗ್ತಾ ಇದ್ದ ಹಾಗೆ ನವಿರು ತುಪ್ಪಳ ಉದುರಿ ಹುಡಿಯಾಗಿ ಫ್ಯಾನ್ ಗಾಳೀಲಿ ಪೆಟ್ಟಿಗೆ ತುಂಬಾ ಸುತ್ತತ್ತೆ, ಅಂದ್ರೆ ಒಂದು ಮೊಟ್ಟೇಲಿ ರೋಗಾಣು ಇದ್ರೂ ಉಳಿದ ಮರಿಗಳಿಗೆಲ್ಲ ಹಂಚಿಕೆ. ಮುಚ್ಚಳ ತೆಗೆದ್ರೆ ಆ ಹುಡಿ ಮೊದಲು ಬರೋದು ಬಗ್ಗಿ ನೋಡ್ತಿರೋ ಮಕ್ಕಳ ಮುಖಕ್ಕೆ. ಅಸ್ತಮಾ ಇರೋ ಮಗು ಇದ್ರಂತೂ ಅವತ್ತು ಹಿಂದಿನ ಸಾಲಲ್ಲೇ ಕೂರಿಸ್ಬೇಕು, ಅವರಪ್ಪ ಅಮ್ಮಂಗೆ ಮೊದಲೇ ಹೇಳಿರ್ಬೇಕು.

ಈಗ ನನ್ನದೇ ಕಥೆ ಹೇಳ್ತೀನಿ, ನಾಚಿಕೆ ಬಿಟ್ಟು. ಎರಡನೇ ಸಲ ಮಾಡಿದಾಗ ಹನ್ನೆರಡು ಮೊಟ್ಟೆ ಇಟ್ಟಿದ್ವಿ. ಏಳನೇ ದಿನ ಟಾರ್ಚ್ ಹಿಡಿದು ನೋಡಿದಾಗ ಎರಡರಲ್ಲಿ ಏನೂ ಕಾಣ್ತಿರಲಿಲ್ಲ, ತೆಗೀಬೇಕಿತ್ತು. ಮಕ್ಕಳು "ಬೇಡ ಮಿಸ್, ಅದು ಲೇಟಾಗಿ ಬೆಳೆಯತ್ತೆ" ಅಂತ ಗೋಗರೆದ್ರು, ನಾನೂ ಕರಗಿ ಬಿಟ್ಬಿಟ್ಟೆ. ಹದಿನಾರನೇ ದಿನ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ್ರೆ ಏನೋ ವಾಸನೆ. ಡ್ರೈನೇಜ್ ಇರ್ಬೇಕು ಅಂತ ಕಿಟಕಿ ತೆಗೆದೆ. ಹತ್ತು ಗಂಟೆ ಹೊತ್ತಿಗೆ ಇನ್‌ಕ್ಯುಬೇಟರ್ ಒಳಗೆ ಟಪ್ ಅಂತ ಒಂದು ಶಬ್ದ, ಕೆಟ್ಟ ಮೊಟ್ಟೆ ಒಳಗೆ ಗ್ಯಾಸ್ ತುಂಬಿ ಒಡೆದಿತ್ತು, ಹಸಿರುಗಪ್ಪು ಲೋಳೆ ಉಳಿದ ಮೊಟ್ಟೆಗಳ ಮೇಲೆಲ್ಲ ಸಿಡಿದಿತ್ತು, ಮಕ್ಕಳು ಮೂಗು ಮುಚ್ಕೊಂಡು ಕಾರಿಡಾರ್‌ಗೆ ಓಟ. ಗಾಬರೀಲಿ ನಾನು ಮಾಡಿದ್ದೇನು ಗೊತ್ತಾ, ಕೈಗೆ ಸಿಕ್ಕಿದ ಬಟ್ಟೆ ತಗೊಂಡು ಬರಿಗೈಲಿ ಒರೆಸಿದೆ. ಅದು ಬೋರ್ಡ್ ಒರೆಸೋ ಬಟ್ಟೆ. ಆಮೇಲೆ ಅದನ್ನ ನೀರಲ್ಲಿ ಅದ್ದಿ ಹಿಂಡಿ ಕಿಟಕಿ ಸರಳಿಗೆ ಹಾಕಿದೆ, ಮಧ್ಯಾಹ್ನ ಮಾನಿಟರ್ ಹುಡುಗ ಅದನ್ನೇ ತಗೊಂಡು ಬೋರ್ಡ್ ಒರೆಸಿ, ಬೆಂಚೂ ಒರೆಸಿ, ಅದೇ ಬೆಂಚ್ ಮೇಲೆ ಎಲ್ಲರೂ ಊಟದ ಡಬ್ಬಿ ಬಿಚ್ಚಿದ್ರು. ನಾನು ನೋಡ್ತಾ ನಿಂತಿದ್ದೆ, ತಲೆಗೆ ಹೊಳೆದಿದ್ದು ಸಂಜೆ ಮನೆಗೆ ಹೋದ ಮೇಲೆ. ಆ ರಾತ್ರಿ ನಿದ್ದೆ ಬರ್ಲಿಲ್ಲ. ಯಾರಿಗೂ ಏನೂ ಆಗ್ಲಿಲ್ಲ, ಅದು ನನ್ನ ಜಾಣತನ ಅಲ್ಲ, ಅದೃಷ್ಟ.

ಈಗ ಮಾಡೋದು ಹೀಗೆ. ಏಳನೇ ದಿನ, ಹದಿನಾಲ್ಕನೇ ದಿನ ಕ್ಯಾಂಡ್ಲಿಂಗ್, ಅಂದ್ರೆ ಟಾರ್ಚ್ ಹಿಡಿದು ಮೊಟ್ಟೆ ಒಳಗೆ ನೋಡೋದು, ಮಾಡಿ ಬೆಳವಣಿಗೆ ಇಲ್ಲದ್ದನ್ನ ಮಕ್ಕಳೆದುರೇ ತೆಗೀತೀನಿ, ಯಾಕೆ ಅಂತಾನೂ ಹೇಳ್ತೀನಿ. ವಾಸನೆ ಬರೋ, ಬೆವರಿದ ಹಾಗೆ ಜಿನುಗೋ, ಬಿರುಕು ಬಿಟ್ಟ ಮೊಟ್ಟೆನ ಗ್ಲೌಸ್ ಹಾಕ್ಕೊಂಡು ಕವರಲ್ಲಿ ಹಾಕಿ ಗಂಟು ಕಟ್ಟಿ ಅವತ್ತೇ ಹೊರಗೆ. ಕೊಳಕಾದ ಮೊಟ್ಟೆ ಶುರುವಲ್ಲೇ ಬೇಡ ಅಂತ ವಾಪಸ್ ಮಾಡ್ತೀನಿ. ಕೆಲವರು ತೊಳೆದು ಇಡ್ತಾರೆ, ದಯವಿಟ್ಟು ಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರತ್ತೆ, ಸಾವಿರಾರು ರಂಧ್ರಗಳನ್ನ ಅದು ಕಾಯ್ತಿರತ್ತೆ, ತೊಳೆದ್ರೆ ಆ ಪೊರೆ ಹೋಯ್ತು, ತಣ್ಣೀರಲ್ಲಿ ತೊಳೆದ್ರಂತೂ ಒಳಗಿನ ದ್ರವ ಕುಗ್ಗಿ ಹೊರಗಿನ ಕೊಳೆ ಸಮೇತ ನೀರನ್ನ ರಂಧ್ರದೊಳಗೆ ಎಳ್ಕೊಳತ್ತೆ. ಕ್ಲೀನ್ ಮಾಡೋಕೆ ಹೋಗಿ ಕೊಳಕು ಒಳಗೆ ಕಳಿಸಿದ ಹಾಗೆ.

ಇದೇ ಕಾರಣಕ್ಕೆ ಕೈ ತೊಳೆಯೋದು ಎರಡೂ ಕಡೆ ಕೆಲಸ ಮಾಡತ್ತೆ ಅಂತ ನಾನು ಮಕ್ಕಳಿಗೆ ಹೇಳೋದು. ಮೊಟ್ಟೆ ಮುಟ್ಟೋ ಮುಂಚೆ ತೊಳೆಯೋದು ಮೊಟ್ಟೆಗೋಸ್ಕರ, ಮುಟ್ಟಿದ್ಮೇಲೆ ತೊಳೆಯೋದು ನಿನಗೋಸ್ಕರ. ದಿನಕ್ಕೆ ಕನಿಷ್ಠ ಮೂರು ಸಲ ಮೊಟ್ಟೆ ತಿರುಗಿಸ್ಬೇಕು, 18ನೇ ದಿನದವರೆಗೆ. ಆಗೆಲ್ಲ ನಮ್ಮ ಕೈಯ ಕೊಳೆ, ಜಿಡ್ಡು ಆ ರಂಧ್ರಗಳ ಮೇಲೇ ಕೂರತ್ತೆ. ಆಗ ತಾನೇ ಹುಟ್ಟಿದ ಮರಿಯ ಹೊಟ್ಟೆ ತಿರುಗಿಸಿ ನೋಡಿದ್ರೆ ಹೊಕ್ಕುಳು ಇನ್ನೂ ಪೂರ್ತಿ ಮುಚ್ಚಿರಲ್ಲ, ಮೊಟ್ಟೆಯ ಹಳದಿ ಭಾಗನ ಮರಿ ಆಗ ತಾನೇ ಹೊಟ್ಟೆಯೊಳಗೆ ಎಳ್ಕೊಂಡಿರತ್ತೆ, ಕೊಳಕು ಇನ್‌ಕ್ಯುಬೇಟರ್ ಆದ್ರೆ ಅಲ್ಲಿಂದಲೇ ಸೋಂಕು ಹತ್ತಿ ಹೊಟ್ಟೆ ಊದಿ ಎರಡು ಮೂರು ದಿನಕ್ಕೆ ಮರಿ ಸತ್ತೋಗತ್ತೆ. "ಚೆನ್ನಾಗೇ ಇತ್ತು, ಯಾಕೋ ಸತ್ತೋಯ್ತು" ಅನ್ನೋ ಮರಿಗಳಲ್ಲಿ ಇಂಥವೂ ಇರ್ತವೆ. ಇದನ್ನ ಒಂದು ಸಲ ವಿವರಿಸಿ ಹೇಳಿದ್ಮೇಲೆ ನನ್ನ ಕ್ಲಾಸಿನ ಅತೀ ತುಂಟ ಹುಡುಗನೇ ಬೇರೆಯವ್ರ ಕೈ ಮೂಸಿ ನೋಡಿ ಸೋಪ್ ವಾಸನೆ ಬಂದ್ರೆ ಮಾತ್ರ ಒಳಗೆ ಬಿಡೋಕೆ ಶುರು ಮಾಡಿದ. ರೋಗದ ಹೆದರಿಕೆ ಹಾಕಿದ್ರೆ ಮಕ್ಕಳು ಕೇಳಲ್ಲ, ಮರಿ ಸಾಯತ್ತೆ ಅಂದ್ರೆ ಕೇಳ್ತಾರೆ.

ಈಗ ನಲ್ಲಿ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಕಾರಣವೇ ಅದು. ನಮ್ಮ ಕ್ಲಾಸಿಗೆ ಹತ್ತಿರದ ನಲ್ಲಿ ಅಂದ್ರೆ ಕಾರಿಡಾರ್ ದಾಟಿ ಮೆಟ್ಟಿಲು ಇಳಿದು ಟಾಯ್ಲೆಟ್ ಪಕ್ಕದ್ದು. ಮರಿ ಮುಟ್ಟಿದ ಮಗು ಅಲ್ಲಿಗೆ ಹೋಗೋ ದಾರೀಲಿ ಬಾಗಿಲ ಚಿಲಕ ಮುಟ್ಟತ್ತೆ, ಮೆಟ್ಟಿಲ ಕಂಬಿ ಹಿಡ್ಕೊಳತ್ತೆ, ಮುಂದಿನವನ ಬೆನ್ನು ತಳ್ಳತ್ತೆ, ಮೂಗು ಉಜ್ಜಿಕೊಳತ್ತೆ. ಒಬ್ಬಳು ಪುಟ್ಟ ಹುಡುಗಿ ಇದ್ಲು, ಪಾಪ, ಹೇಳಿದ್ದನ್ನ ಅಕ್ಷರಶಃ ಪಾಲಿಸೋಳು, ಎರಡೂ ಕೈ ಮುಂದೆ ಚಾಚ್ಕೊಂಡು ಏನನ್ನೂ ಮುಟ್ಟದೆ ಮೊಣಕೈಲಿ ಬಾಗಿಲು ತಳ್ಳಿ ಕೆಳಗೆ ಹೋದ್ಲು, ನಾನು ಹಿಂದೆನೇ ಹೋದೆ. ಅಲ್ಲಿ ನಲ್ಲಿ ತಿರುಗಿಸೋ ಹಿಡಿ ಒದ್ದೆ, ಸೋಪು ಅಂಗೈ ಅಗಲದ ನೀರಲ್ಲಿ ಕರಗಿ ಗೊಜ್ಜಾಗಿತ್ತು, ಅವಳು ಮೂರು ಬೆರಳು ನೆನೆಸಿ ಎಲ್ಲರೂ ಒರೆಸ್ಕೊಂಡಿದ್ದ ಅದೇ ಒದ್ದೆ ಟವೆಲ್‌ಗೆ ಕೈ ಒರೆಸ್ಕೊಂಡ್ಲು. ಅಷ್ಟು ಜೋಪಾನವಾಗಿ ಹೊತ್ತು ತಂದ ಕೈ. ಅವಳದ್ದೇನು ತಪ್ಪು ಹೇಳಿ.

ಸೋಪು ಹಚ್ಚಿ ಬೆರಳ ಸಂದಿ, ಉಗುರಿನ ಅಡಿ, ಹೆಬ್ಬೆಟ್ಟು ಎಲ್ಲಾ ಉಜ್ಜೋಕೆ 20 ಸೆಕೆಂಡ್ ಬೇಕು, ಆಮೇಲೆ ಹರಿಯೋ ನೀರು, ಆಮೇಲೆ ಒಬ್ಬರಿಗೊಂದು ಪೇಪರ್ ಟವೆಲ್. ಮೂವತ್ತು ಮಕ್ಕಳಿಗೆ ಒಂದೇ ನಲ್ಲಿ ಅಂದ್ರೆ ಉಜ್ಜೋದು ತೊಳೆಯೋದು ಒರೆಸೋದು ಸೇರಿ ಇಪ್ಪತ್ತು ನಿಮಿಷದ ಮೇಲೇ ಹಿಡಿಯತ್ತೆ, ಪೀರಿಯಡ್ ಅರ್ಧ ಅಲ್ಲೇ ಹೋಯ್ತು. ಅದಕ್ಕೇ ಟೀಚರ್‌ಗಳು ಶಾರ್ಟ್‌ಕಟ್ ಹಿಡಿಯೋದು, ಬೈದು ಪ್ರಯೋಜನ ಇಲ್ಲ. ನಾನು ಈಗ ಒಂದು ದಿನಕ್ಕೆ ಐದೇ ಮಕ್ಕಳಿಗೆ ಮುಟ್ಟೋಕೆ ಕೊಡ್ತೀನಿ, ಉಳಿದವ್ರು ನೋಡ್ತಾರೆ, ಬರೀತಾರೆ, ಚಿತ್ರ ಬಿಡಿಸ್ತಾರೆ. ಮರಿಗಳಿಗೂ ನೆಮ್ಮದಿ.

ಸ್ಯಾನಿಟೈಸರ್ ಬಗ್ಗೆ: ಸೋಪು ನೀರು ಇಲ್ಲವೇ ಇಲ್ಲ ಅನ್ನೋ ಸಮಯಕ್ಕೆ ಅದು ಪರವಾಗಿಲ್ಲ, ಆದ್ರೆ ಕೈಮೇಲೆ ಹಿಕ್ಕೆ, ಧೂಳು, ಜಿಡ್ಡು ಇದ್ದಾಗ ಅದು ಸರಿಯಾಗಿ ಕೆಲಸ ಮಾಡಲ್ಲ, ಕೊಳೆ ಮೇಲೆ ಸೆಂಟ್ ಹೊಡೆದ ಹಾಗೆ. ಕೋಳಿಮರಿ ಹಿಡಿದ ಕೈ ಅಂದ್ರೆ ಅದೇ ತಾನೇ.

ವಯಸ್ಸಿನ ವಿಷಯ ಇನ್ನೂ ಸೂಕ್ಷ್ಮ. 5 ವರ್ಷಕ್ಕಿಂತ ಚಿಕ್ಕ ಮಕ್ಕಳು ಕೋಳಿಮರಿ ಮುಟ್ಟಲೇಬಾರದು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸ್ಪಷ್ಟವಾಗಿ ಹೇಳತ್ತೆ. 65 ದಾಟಿದವ್ರು, ರೋಗನಿರೋಧಕ ಶಕ್ತಿ ಕಮ್ಮಿ ಇರೋವ್ರು, ಇವರಿಗೂ ಸೋಂಕು ಜಾಸ್ತಿ ಕಾಡತ್ತೆ. ಆದ್ರೆ ನಾವು ಮಾಡೋದೇ ಉಲ್ಟಾ, ಹೈಸ್ಕೂಲ್ ಬಯಾಲಜಿ ಕ್ಲಾಸಲ್ಲಿ ಇನ್‌ಕ್ಯುಬೇಟರ್ ಇರಲ್ಲ, ನರ್ಸರಿ ಕ್ಲಾಸಲ್ಲಿ ಇರತ್ತೆ, ಯಾಕಂದ್ರೆ ಫೋಟೋಗೆ ಮುದ್ದಾಗಿ ಬರತ್ತೆ! ನರ್ಸರಿ ಮಗು ಮರಿಗೆ ಮುತ್ತು ಕೊಡೋ ಫೋಟೋನ ಶಾಲೆಯ ಕ್ಯಾಲೆಂಡರಲ್ಲೇ ಹಾಕಿದ್ದನ್ನ ನೋಡಿದೀನಿ. ಆ ಫೋಟೋ ನೋಡಿ ಮುಂದಿನ ವರ್ಷ ಎಲ್ಲಾ ಮಕ್ಕಳೂ ಅದನ್ನೇ ಮಾಡ್ತಾರೆ ಅಲ್ವಾ. ಚಿಕ್ಕವ್ರಿಗೆ ಗಾಜಿನ ಆಚೆಯಿಂದ ತೋರಿಸಿ ಸಾಕು, ಅಥವಾ ಇನ್‌ಕ್ಯುಬೇಟರ್ ಎದುರು ಒಂದು ಕ್ಯಾಮೆರಾ ಇಟ್ಟು ಟೀವೀಲಿ ತೋರಿಸಿ, ಚಿಪ್ಪಲ್ಲಿ ಮೊದಲ ಬಿರುಕು ಬಿಟ್ಟು ಮರಿ ಹೊರಗೆ ಬರೋಕೆ ಅರ್ಧ ದಿನ, ಕೆಲವೊಮ್ಮೆ ಪೂರ್ತಿ ಒಂದು ದಿನ ಹಿಡಿಯತ್ತೆ, ಅಷ್ಟು ಹೊತ್ತು ಮಕ್ಕಳನ್ನ ಸುತ್ತ ನಿಲ್ಲಿಸೋಕೂ ಆಗಲ್ಲ.

ಮತ್ತೆ ಕ್ಲಾಸಲ್ಲಿರೋ ಮಗು ಗಟ್ಟಿ ಇರಬಹುದು, ಆ ಮಗುವಿನ ಮನೇಲಿ ಯಾರಿದ್ದಾರೆ ಅಂತ ನಿಮಗೆ ಗೊತ್ತಾ? ಆರು ತಿಂಗಳ ಕೂಸಿರಬಹುದು, ಹಾಸಿಗೆ ಹಿಡಿದ ಅಜ್ಜಿ ಇರಬಹುದು, ಕ್ಯಾನ್ಸರ್ ಟ್ರೀಟ್‌ಮೆಂಟಲ್ಲಿರೋ ಅಪ್ಪ ಇರಬಹುದು. ಶಾಲೆಗೆ ಬರದೇ ಇರೋವ್ರಿಗೂ ಅಂಗಿ ತೋಳು, ಶೂ ಮೂಲಕ ಇದು ತಲುಪತ್ತೆ. ಅದಕ್ಕೇ ಮೊಟ್ಟೆ ಇಡೋಕೆ ಒಂದು ವಾರ ಮುಂಚೆ ಪೇರೆಂಟ್ಸ್‌ಗೆ ಚೀಟಿ ಕಳಿಸಿ, ಇಂಥ ದಿನದಿಂದ ಇಂಥ ದಿನದವರೆಗೆ ಮರಿ ಇರತ್ತೆ, ಅಲರ್ಜಿ ಅಸ್ತಮಾ ಇದ್ರೆ ಹೇಳಿ, ಮನೇಲಿ ನಾಜೂಕು ಆರೋಗ್ಯದವ್ರು ಇದ್ರೆ ಹೇಳಿ, ಮಗುಗೆ ಭೇದಿ ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋದಾಗ "ಕ್ಲಾಸಲ್ಲಿ ಕೋಳಿಮರಿ ಇದೆ" ಅಂತ ತಪ್ಪದೇ ಹೇಳಿ. ಆ ಒಂದು ಮಾತಿನಿಂದ ಡಾಕ್ಟರ್‌ಗೆ ಯಾವ ಟೆಸ್ಟ್ ಮಾಡಿಸ್ಬೇಕು ಅಂತ ಹೊಳೆಯತ್ತೆ. ಬೇಡ ಅನ್ನೋ ಪೇರೆಂಟ್ಸ್ ಮೇಲೆ ಮುಖ ಸಿಂಡರಿಸ್ಬೇಡಿ.

ಬ್ರೂಡರ್, ಅಂದ್ರೆ ಹುಟ್ಟಿದ ಮರಿಗಳನ್ನ ಲ್ಯಾಂಪ್ ಹಾಕಿ ಬೆಚ್ಚಗಿಡೋ ಪೆಟ್ಟಿಗೆ, ಅದನ್ನ ಇಡೋ ಜಾಗದ ಬಗ್ಗೆ ಜಾಸ್ತಿ ಹೇಳಲ್ಲ. ಊಟ ಮಾಡೋ ಜಾಗದಿಂದ, ನೀರಿನ ಬಾಟಲ್ ಇಡೋ ಶೆಲ್ಫಿಂದ ದೂರ ಇರ್ಲಿ. ಆ ಕ್ಲಾಸಲ್ಲೇ ಊಟ ಮಾಡಿಸೋದಾದ್ರೆ ಮರಿಗೆ ಬೇರೆ ರೂಮ್ ಮಾಡಿ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸ್ತಾ ಬನ್ನಿ, ಮರಿಗಳು ಲ್ಯಾಂಪ್ ಕೆಳಗೆ ಗುಪ್ಪೆ ಬಿದ್ದಿದ್ರೆ ಚಳಿ, ಮೂಲೆ ಸೇರಿ ಬಾಯಿ ತೆರ್ಕೊಂಡಿದ್ರೆ ಸೆಖೆ. ಬರೀ ನ್ಯೂಸ್‌ಪೇಪರ್ ಹಾಸಬೇಡಿ, ಜಾರಿ ಕಾಲು ಅಗಲ ಆಗ್ಬಿಡತ್ತೆ. ಮರದ ಹೊಟ್ಟು ಹಾಸಿ, ಒದ್ದೆ ಆದ ಭಾಗ ದಿನಾ ತೆಗೀರಿ, ಒದ್ದೆ ಹಾಸಿನಿಂದಲೇ ವಾಸನೆ, ಮರಿಗಳಿಗೆ ರಕ್ತಭೇದಿ ಎಲ್ಲಾ. ಹಳೇ ಪಾದರಸದ ಥರ್ಮಾಮೀಟರ್ ಮಾತ್ರ ಇಡಬೇಡಿ, ಒಡೆದ್ರೆ ಅದೊಂದು ಬೇರೆ ರಾಮಾಯಣ.

ಕ್ಲೀನಿಂಗ್ ಮಾಡೋದು ದೊಡ್ಡವ್ರ ಕೆಲಸ, ಮಕ್ಕಳದ್ದಲ್ಲ. "ಜವಾಬ್ದಾರಿ ಕಲೀಲಿ" ಅಂತ ಎರಡನೇ ಕ್ಲಾಸ್ ಮಗು ಕೈಲಿ ಹಿಕ್ಕೆ ಬಳಿಸೋದನ್ನ ನೋಡಿದೀನಿ, ಜವಾಬ್ದಾರಿ ಕಲಿಸೋಕೆ ಕಾಳು ಅಳೆಯೋದು, ತಾಪಮಾನ ಬರೆಯೋದು ಇದೆ. ಮಕ್ಕಳು ಮನೆಗೆ ಹೋದ್ಮೇಲೆ ಗ್ಲೌಸ್, ಮಾಸ್ಕ್ ಹಾಕ್ಕೊಂಡು ಪೆಟ್ಟಿಗೆನ ಹೊರಗೆ ಒಯ್ದು ಮಾಡಿ, ಕುಡಿಯೋ ನೀರು ಹಿಡಿಯೋ ಅಥವಾ ಪಾತ್ರೆ ತೊಳೆಯೋ ಸಿಂಕಲ್ಲಿ ಬೇಡವೇ ಬೇಡ. ಮೊದಲು ಸೋಪ್ ನೀರಲ್ಲಿ ಉಜ್ಜಿ ಕೊಳೆ ಪೂರ್ತಿ ತೆಗೀಬೇಕು, ಆಮೇಲೇ ಬ್ಲೀಚ್ ನೀರು, ಹಿಕ್ಕೆ ಮೇಲೇ ಬ್ಲೀಚ್ ಸುರಿದ್ರೆ ಅದರ ಶಕ್ತಿ ಅಲ್ಲೇ ಖಾಲಿ. ಸುರಿದ ತಕ್ಷಣ ಒರೆಸೋದಲ್ಲ, ಬಾಟಲ್ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗೇ ಬಿಡಿ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಸೇರಿಸಬೇಡಿ, ವಿಷದ ಗ್ಯಾಸ್ ಬರತ್ತೆ. ಮರಿ ಹೋದ್ಮೇಲೆ ಇನ್‌ಕ್ಯುಬೇಟರ್‌ನ ಹಾಗೇ ಬೀರುಗೆ ತಳ್ಳಿ ಮುಂದಿನ ವರ್ಷ ತೆಗೆಯೋದು ನಮ್ಮಲ್ಲಿ ಮಾಮೂಲಿ. ಒಣಗಿದ ಹುಡೀಲಿ ಸಾಲ್ಮೊನೆಲ್ಲಾ ತಿಂಗಳುಗಟ್ಟಲೆ ಬದುಕಿರಬಲ್ಲದು.

ಮೊಟ್ಟೆ ಎಲ್ಲಿಂದ ತರ್ತೀರ ಅನ್ನೋದನ್ನ ಪಶುವೈದ್ಯರನ್ನ ಕೇಳಿ ತೀರ್ಮಾನ ಮಾಡಿ, ರೋಗ ತಪಾಸಣೆ ಆಗೋ ಫಾರಂ ಇಂದ ಮಾತ್ರ ತನ್ನಿ. ಸುತ್ತಮುತ್ತ ಎಚ್5ಎನ್1 ಹಕ್ಕಿಜ್ವರದ ಸುದ್ದಿ ಇದ್ರೆ ಆ ವರ್ಷ ಬಿಟ್ಬಿಡಿ, ಮಕ್ಕಳಿಗೆ ಬೇಜಾರಾದ್ರೆ ಆಗ್ಲಿ. ಮರಿ ಬೆಳೆದ್ಮೇಲೆ ಎಲ್ಲಿಗೆ ಅನ್ನೋದೂ ಮೊಟ್ಟೆ ಇಡೋಕೆ ಮುಂಚೆ ಗೊತ್ತಿರ್ಬೇಕು, ಹೆಚ್ಚುಕಮ್ಮಿ ಅರ್ಧ ಹುಂಜಗಳೇ ಆಗ್ತವೆ, ಯಾರಿಗೂ ಬೇಡ. ಕೊನೇ ದಿನ ರಟ್ಟಿನ ಡಬ್ಬೀಲಿ ಒಂದೊಂದು ಮರಿ ಹಾಕಿ ಮಕ್ಕಳ ಕೈಲಿ ಮನೆಗೆ ಕಳಿಸಿದ್ರೆ ಮರಿಗೂ ಕಷ್ಟ, ಇಷ್ಟು ದಿನ ಕ್ಲಾಸಲ್ಲಿ ತಡೆದಿದ್ದನ್ನ ನಾವೇ ಪಾರ್ಸೆಲ್ ಮಾಡಿದ ಹಾಗೆ.

ಇಷ್ಟೆಲ್ಲಾ ಓದಿ ಇವಳದ್ದೊಂದು ದೊಡ್ಡ ಪಟ್ಟಿ ಅಂತ ಪಕ್ಕಕ್ಕೆ ಇಡ್ತೀರ ಅಂತ ಗೊತ್ತು. ಹಾಗಾಗಿ ನನ್ನದು ಒಂದೇ ಒಂದು ಷರತ್ತು. ಪರ್ಮಿಷನ್ ಫಾರಂನಲ್ಲಿ ಇನ್‌ಕ್ಯುಬೇಟರ್ ಮಾಡೆಲ್ ಕೇಳೋ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿ: ಆ ರೂಮಲ್ಲಿ ಹರಿಯೋ ನೀರು, ಸೋಪು ಇದೆಯಾ? ಇಲ್ಲ ಅಂದ್ರೆ ಪರ್ಮಿಷನ್ ಇಲ್ಲ. ಸಿಂಕ್ ಕಟ್ಟಿಸೋಕೆ ಆಗದಿದ್ರೆ ನಲ್ಲಿ ಇರೋ ದೊಡ್ಡ ಕ್ಯಾನ್, ಕೆಳಗೊಂದು ಬಕೆಟ್, ಒತ್ತಿದ್ರೆ ಬರೋ ಸೋಪಿನ ಬಾಟಲ್, ಅಷ್ಟಾದ್ರೂ ಬಾಗಿಲ ಒಳಗೇ ಇರ್ಲಿ, ಆಚೆ ಅಲ್ಲ. ಇನ್‌ಕ್ಯುಬೇಟರ್‌ಗೆ ದುಡ್ಡು ಹುಟ್ಟತ್ತೆ, ಸ್ಯಾನಿಟೈಸರ್‌ಗೆ ಹುಟ್ಟತ್ತೆ, ನಲ್ಲಿಗೆ ಮಾತ್ರ "ಮುಂದಿನ ಬಜೆಟ್" ಅಂತಾರೆ. ಮೂರು ವರ್ಷದಿಂದ ಕೇಳ್ತಿದೀನಿ.

ಈ ವರ್ಷ ನಾನು ಮೊಟ್ಟೆ ಇಡಲ್ಲ ಅಂತ ಹೇಳಿದೀನಿ, ಮಕ್ಕಳು ಮುನಿಸ್ಕೊಂಡಿದ್ದಾರೆ. ನಲ್ಲಿ ಬಂದ ದಿನ ಹೇಳಿ, ಭಾನುವಾರ ಯಾರು ಬಂದು ಮೊಟ್ಟೆ ತಿರುಗಿಸೋದು ಅಂತ ಪ್ರತೀ ಸಲ ಜಗಳ ಆಗತ್ತಲ್ಲ, ಮೂರೂ ಭಾನುವಾರ ನಾನೇ ಬರ್ತೀನಿ.

ಇಂತಿ,
ಬೋರ್ಡ್ ಬಟ್ಟೇಲಿ ಕೊಳೆತ ಮೊಟ್ಟೆ ಒರೆಸಿದ ಟೀಚರ್